ಮೊಬೈಲಿನಲ್ಲಿ ಕೃಷಿ ಪಾಠ: ವಯಸ್ಕ ರೈತರಿಗೆ ಕಲಿಸುವ ಬಗೆ

(ಕೃಷ್ಣರಾಜಪುರದಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರನ್ನು ಉದ್ದೇಶಿಸಿ ಮಾಡಿದ ಭಾಷಣ)



ಹೊಲವನ್ನು ಹದ ಮಾಡದೆ ಯಾರೂ ಬೀಜ ಬಿತ್ತುವುದಿಲ್ಲ. ಮಣ್ಣು ಎಂಥದು, ತೇವ ಎಷ್ಟಿದೆ ಎಂದು ನೋಡಿಕೊಂಡೇ ರೈತ ಕೂರಿಗೆ ಹೂಡುತ್ತಾನೆ. ಆದರೆ ವಯಸ್ಕರಿಗೆ ಪಾಠ ಹೇಳಲು ಹೊರಟಾಗ ಈ ವಿವೇಕ ಅನೇಕ ವೇಳೆ ಮರೆತುಹೋಗುತ್ತದೆ. ಗಂಟೆಗಟ್ಟಲೆ ಉಪನ್ಯಾಸವನ್ನು ಚಿತ್ರೀಕರಿಸಿ ಮೊಬೈಲಿಗೆ ಕಳುಹಿಸಿದರೆ ಶಿಕ್ಷಣ ಮುಗಿಯಿತೆಂದು ಭಾವಿಸುವವರುಂಟು. ಅದು ಬಂಡೆಯ ಮೇಲೆ ಬೀಜ ಚೆಲ್ಲಿದಂತೆ.

ದೂರದಿಂದ ಕಲಿಸುವುದು ಹೊಸ ವಿಷಯವಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿಯೇ ಅಂಚೆ ಮೂಲಕ ಶಿಕ್ಷಣ ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳು ಹಳ್ಳಿಯ ಜಗುಲಿಗೆ ಬಂದವು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದು ತರಬೇತಿಗಳು ನಿಂತಾಗ ಎಲ್ಲರ ದೃಷ್ಟಿಯೂ ಮೊಬೈಲಿನ ಕಡೆ ತಿರುಗಿತು. 1948ರಲ್ಲಿ ದೂರವಾಣಿ ಕಾರ್ಖಾನೆ ತಲೆಯೆತ್ತಿದ್ದು ಇದೇ ಕೃಷ್ಣರಾಜಪುರದ ಮಗ್ಗುಲಲ್ಲಿ. ಅಂದು ಕಚೇರಿಯ ಮೇಜಿನ ಮೇಲಿದ್ದ ದೂರವಾಣಿ ಇಂದು ರೈತನ ಅಂಗಿಯ ಜೇಬಿನಲ್ಲಿದೆ. ಅದರಲ್ಲಿ ಬರುವ ಪಾಠ ಅವನ ಹೊಲಕ್ಕೆ ಇಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಕಲಿಯುವವರು ಯಾರು?

ಬೆಂಗಳೂರು ಪೂರ್ವ ತಾಲ್ಲೂಕನ್ನೇ ತೆಗೆದುಕೊಳ್ಳೋಣ. ಕೃಷ್ಣರಾಜಪುರ, ವರ್ತೂರು, ಬಿದರಹಳ್ಳಿ ಹೋಬಳಿಗಳಲ್ಲಿ ಬಹಳಷ್ಟು ಹೊಲಗಳು ಬಡಾವಣೆಗಳಾಗಿವೆ. ಉಳಿದ ತುಂಡು ಜಮೀನಿನಲ್ಲಿ ಸೊಪ್ಪು, ತರಕಾರಿ, ಮೇವು ಬೆಳೆದು ಹಸು ಸಾಕುವವರು ಒಂದು ಕಡೆ. ತಾರಸಿಯ ಮೇಲೆ ಕುಂಡಗಳಲ್ಲಿ ಬೆಳೆಯಲು ಆಸೆಪಡುವ ಗೃಹಿಣಿಯರು, ನಿವೃತ್ತರು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಪಾಠ ಒಗ್ಗದು. ತಾರಸಿಯವರು ತಪ್ಪಿದರೆ ಒಂದು ಕುಂಡ ಹೋಗುತ್ತದೆ. ರೈತ ತಪ್ಪಿದರೆ ಒಂದು ಹಂಗಾಮಿನ ಬೆಳೆಯೇ ಹೋಗುತ್ತದೆ.

ವಯಸ್ಕರು ಬರಿಗೈಯಲ್ಲಿ ಕಲಿಯಲು ಬರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದ ಅನುಭವವನ್ನು ಹೊತ್ತು ತರುತ್ತಾರೆ. ಅದನ್ನು ಕೇಳದೆ ಪಾಠ ಆರಂಭಿಸಿದರೆ ಅವರ ಮನಸ್ಸು ಮುಚ್ಚಿಕೊಳ್ಳುತ್ತದೆ. ಜೊತೆಗೆ ಹತ್ತು ಜನರ ಎದುರು ತಪ್ಪು ಉತ್ತರ ಹೇಳುವ ಸಂಕೋಚವೂ ಇರುತ್ತದೆ. ಪಾಠ ಬಿಟ್ಟು ಹೋದವರೆಲ್ಲ ಆಸಕ್ತಿ ಇಲ್ಲದವರಲ್ಲ. ನಾಚಿಕೆಯಿಂದ ಹಿಂದೆ ಸರಿದವರೂ ಅವರಲ್ಲಿ ಇರುತ್ತಾರೆ.

ಯೋಜನೆ ಹೇಗಿರಬೇಕು?

1. ಒಂದು ಪಾಠಕ್ಕೆ ಒಂದೇ ಕೆಲಸ. ‘ಮಣ್ಣಿನ ಫಲವತ್ತತೆ’ ಎಂಬುದು ಪಾಠವಲ್ಲ, ಪುಸ್ತಕದ ಹೆಸರು. ‘ಮಣ್ಣಿನ ಮಾದರಿ ತೆಗೆಯುವುದು’ ಎಂಬುದು ಪಾಠ.

2. ಹಂಗಾಮಿಗೆ ತಕ್ಕ ಪಾಠ. ರಾಗಿ ಕೊಯ್ಲಿನ ಕಾಲದಲ್ಲಿ ಬೀಜೋಪಚಾರ ಹೇಳಿದರೆ ಪ್ರಯೋಜನವಿಲ್ಲ. ಮಣ್ಣಿನ ಪಾಠ ಮುಂಗಾರಿಗೆ ಮೊದಲೇ ಮುಗಿಯಬೇಕು.

3. ಸಮಯ. ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುವವರನ್ನು ಆ ವೇಳೆಯಲ್ಲಿ ಕರೆಯಬಾರದು. ಪಾಠ ಎಂಟು ಹತ್ತು ನಿಮಿಷ ಮೀರದಿರಲಿ. ಬೇಕಾದಾಗ ಮತ್ತೆ ನೋಡುವಂತಿರಲಿ.

4. ಭಾಷೆ. ಗುದ್ದಲಿ, ಬದು, ತಿಪ್ಪೆ, ಹದ ಎಂಬ ಮಾತುಗಳಿರುವಾಗ ಪಾರಿಭಾಷಿಕ ಪದಗಳ ಭಾರ ಬೇಡ.

ಒಂದು ಉದಾಹರಣೆ

ಮಣ್ಣಿನ ಮಾದರಿಯ ಪಾಠವನ್ನು ಹೀಗೆ ಹೆಣೆಯಬಹುದು. ಮೊದಲ ವಾರ ಪ್ರಶ್ನೆ ಮಾತ್ರ: ‘ಕಳೆದ ವರ್ಷ ಯಾವ ಗೊಬ್ಬರ, ಎಷ್ಟು ಹಾಕಿದಿರಿ? ಏಕೆ?’ ಎರಡನೆಯ ವಾರ ಮಾಡಿ ತೋರಿಸುವುದು: ಮೇಲಿನ ಕಸಕಡ್ಡಿ ಸರಿಸಿ, 15 ಸೆಂಟಿಮೀಟರು ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆದು, ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆಯುವುದು, ಹೊಲದ ಹತ್ತು ಕಡೆ ಹೀಗೆ ತೆಗೆದು ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋ ಉಳಿಸಿ ನೆರಳಿನಲ್ಲಿ ಒಣಗಿಸುವುದು. ಮೂರನೆಯ ವಾರ ಕಲಿಯುವವರೇ ಮಾಡಿ ಚಿತ್ರ ಕಳುಹಿಸುವುದು. ನಾಲ್ಕನೆಯ ವಾರ ಎಲ್ಲರೂ ಒಂದು ಹೊಲದಲ್ಲಿ ಸೇರಿ ತಂದ ಮಾದರಿಗಳನ್ನು ನೋಡುವುದು.

ಮೂರನೆಯ ವಾರವೇ ಈ ಪಾಠದ ಜೀವ. ತಿಪ್ಪೆಯ ಮಗ್ಗುಲಲ್ಲೋ, ಮರದಡಿಯಲ್ಲೋ, ಬದುವಿನ ಪಕ್ಕದಲ್ಲೋ ಮಣ್ಣು ತೆಗೆದಿದ್ದರೆ ಚಿತ್ರದಲ್ಲಿ ಕಾಣುತ್ತದೆ. ಅದನ್ನು ಆಗಲೇ ತಿದ್ದದಿದ್ದರೆ ಪರೀಕ್ಷೆಯ ವರದಿ ಹೊಲದ ನಿಜ ಹೇಳದು. ಸಾರ ಹೆಚ್ಚಿದೆಯೆಂದು ನಂಬಿ ರೈತ ಗೊಬ್ಬರ ಕಡಿಮೆ ಮಾಡಿ ಇಳುವರಿ ಕಳೆದುಕೊಳ್ಳುತ್ತಾನೆ. ದೋಷ ಪಾಠ ಹೇಳಿದವರದು, ನಷ್ಟ ಕೇಳಿದವರದು. ಆದ್ದರಿಂದ ಬಂದ ಚಿತ್ರಕ್ಕೆ ಎರಡು ದಿನದೊಳಗೆ ಉತ್ತರ ಹೋಗಬೇಕು. ಮೆಚ್ಚುಗೆಯನ್ನು ಎಲ್ಲರ ಮುಂದೆ, ತಿದ್ದುಪಡಿಯನ್ನು ಅವರೊಬ್ಬರಿಗೇ ಹೇಳುವುದು ಲೇಸು.

ಎಚ್ಚರಿಕೆಯ ಮಾತು

2018ರಲ್ಲಿ ಶಿವಮೊಗ್ಗದಲ್ಲಿ ಮುಸುಕಿನ ಜೋಳದ ಮೇಲೆ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡಿತು. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ ಅದರ ಲಕ್ಷಣ. ಇಂಥ ಹೊಸ ಕೀಟ ಬಂದಾಗ ಸ್ಪಷ್ಟ ಚಿತ್ರವುಳ್ಳ ಪುಟ್ಟ ಪಾಠ ಬಹು ಬೇಗ ಹರಡಿ ನೆರವಾಗಬಲ್ಲದು. ಆದರೆ ಮಸುಕಾದ ಒಂದೇ ಚಿತ್ರ ನೋಡಿ ಔಷಧದ ಹೆಸರು, ಪ್ರಮಾಣ ಹೇಳಬಾರದು. ಸಂದೇಹವಿದ್ದಲ್ಲಿ ‘ಹೊಲ ನೋಡಿ ಹೇಳುತ್ತೇವೆ’ ಎನ್ನುವುದೇ ಸರಿಯಾದ ಉತ್ತರ.

ಮೊಬೈಲ್ ಇಲ್ಲದವರ ಗತಿಯೇನು? ಮನೆಗೆ ಒಂದೇ ಮೊಬೈಲ್ ಇದ್ದರೆ ಅದು ಹಗಲೆಲ್ಲ ಗಂಡಸರ ಜೇಬಿನಲ್ಲಿರುತ್ತದೆ. ಕಳೆ ತೆಗೆಯುವ, ಬೀಜ ಕಾಪಾಡುವ ಹೆಣ್ಣುಮಕ್ಕಳಿಗೆ ಪಾಠ ತಲುಪುವುದೇ ಇಲ್ಲ. ವಾರಕ್ಕೊಮ್ಮೆ ಸ್ತ್ರೀಶಕ್ತಿ ಗುಂಪಿನ ಸಭೆಯಲ್ಲೋ, ಡೇರಿಯ ಜಗುಲಿಯಲ್ಲೋ ಹತ್ತು ಜನ ಕೂಡಿ ನೋಡುವ ಏರ್ಪಾಡು ಮಾಡಬೇಕು. ಪಾಠದ ಸಾರವನ್ನು ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಮುದ್ರಿಸಿ ಹಂಚಿದರೆ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.

ಕೊನೆಯದಾಗಿ, ಇಂಥ ಶಿಕ್ಷಣದ ಯಶಸ್ಸನ್ನು ಹಂಚಿದ ಪ್ರಮಾಣಪತ್ರಗಳಿಂದ ಅಳೆಯಬಾರದು. ಪಾಠ ಕೇಳಿದವರಲ್ಲಿ ಎಷ್ಟು ಮಂದಿ ಸರಿಯಾದ ಮಣ್ಣನ್ನು ಚೀಲಕ್ಕೆ ತುಂಬಿ, ಹೆಸರು ಸರ್ವೆ ನಂಬರು ಬರೆದು, ಪ್ರಯೋಗಾಲಯಕ್ಕೆ ತಂದರು ಎಂಬುದೇ ಅಳತೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಒಕ್ಕಾಲನ್ನು ಮೊಬೈಲ್ ಕೊಡಬಲ್ಲದು. ಮುಕ್ಕಾಲು ರೈತನಲ್ಲಿ ಆಗಲೇ ಇದೆ. ಎರಡನ್ನೂ ಕೂಡಿಸುವುದೇ ವಿಸ್ತರಣಾ ಕಾರ್ಯಕರ್ತರ ಕೆಲಸ.