ಹಿತ್ತಿಲ ಪುದೀನವನ್ನು ಕೀಳುವ ಬಗೆ

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಳೆಗಳ ಕುರಿತು ಮಾತನಾಡಬೇಕೆಂದು ಬಳಗದವರು ಕೇಳಿಕೊಂಡಾಗ ನಿಮ್ಮಲ್ಲಿ ಹಲವರು ಲಂಟಾನ, ಯುಪಟೋರಿಯಂಗಳ ವಿಷಯವನ್ನು ನಿರೀಕ್ಷಿಸಿರಬಹುದು. ನಾನು ಇಂದು ಹೇಳಹೊರಟಿರುವುದು ನನ್ನದೇ ಹಿತ್ತಿಲಿನಲ್ಲಿ, ನನ್ನ ಕೈಯಿಂದಲೇ ಆದ ತಪ್ಪಿನ ಕುರಿತು. ಆ ತಪ್ಪಿನ ಹೆಸರು ಪುದೀನ.

ಆರು ವರ್ಷಗಳ ಹಿಂದೆ ಸಂತೆಯಿಂದ ತಂದ ಕಟ್ಟಿನಲ್ಲಿ ಬೇರು ಸಮೇತವಿದ್ದ ನಾಲ್ಕು ಕಡ್ಡಿಗಳನ್ನು ಬಚ್ಚಲ ನೀರು ಹರಿಯುವ ಕಡೆ ಊರಿದೆ. ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರಿಗೆ ಮುಂದಿನ ಗತಿ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಎರಡನೆಯ ಬೇಸಿಗೆಯ ಹೊತ್ತಿಗೆ ಅದು ಪಕ್ಕದ ಒಂದೆಲಗದ ಮಡಿಯನ್ನು ಹೊಕ್ಕಿತು. ಮೂರನೆಯ ವರ್ಷ ಒಂದೆಲಗ ಕಾಣೆಯಾಯಿತು. ತಂಬುಳಿಗೆಂದು ಹಿತ್ತಿಲಿಗೆ ಹೋದ ಅಮ್ಮ ಬರಿಗೈಯಲ್ಲಿ ಮರಳಿ, "ನಿನ್ನ ಚಟ್ನಿಸೊಪ್ಪು ನನ್ನ ತಂಬುಳಿಸೊಪ್ಪನ್ನು ನುಂಗಿತಲ್ಲ" ಎಂದರು. ಅವರು ಮದುವೆಯಾಗಿ ಈ ಮನೆಗೆ ಬಂದಾಗಲೇ ಆ ಒಂದೆಲಗ ಅಲ್ಲಿತ್ತಂತೆ.

ನ್ಯಾಯವಾಗಿ ಹೇಳುವುದಾದರೆ ಪುದೀನವು ನಮ್ಮ ಕಾಡನ್ನು ಆಕ್ರಮಿಸಿದ ಸಸ್ಯವಲ್ಲ. ಅದನ್ನು ಲಂಟಾನದ ಸಾಲಿನಲ್ಲಿ ನಿಲ್ಲಿಸಲಾಗದು. ಆದರೆ ಅದು ಹಬ್ಬುವ ಕ್ರಮವನ್ನು ಅರಿತರೆ ಇನ್ನೂ ಅನೇಕ ಕಳೆಗಳ ಗುಟ್ಟು ತಿಳಿಯುತ್ತದೆ. ತುಳಸಿ, ದೊಡ್ಡಪತ್ರೆಗಳ ಕುಟುಂಬಕ್ಕೇ ಸೇರಿದ ಈ ಗಿಡ ಬೀಜವನ್ನು ಹೆಚ್ಚು ನೆಚ್ಚಿಕೊಂಡಿಲ್ಲ. ನೆಲದ ಮೇಲೂ ನೆಲದಡಿಯಲ್ಲೂ ಅಡ್ಡಕಾಂಡಗಳನ್ನು ಚಾಚುತ್ತದೆ. ಪ್ರತಿ ಗೆಣ್ಣಿನಲ್ಲಿಯೂ ಚಿಗುರುವ ಮೊಗ್ಗಿದೆ, ಬೇರಿಳಿಸುವ ಶಕ್ತಿಯಿದೆ. ಉತ್ತರಪ್ರದೇಶದ ರೈತರು ಮೆಂಥಾಲ್‌ಗಾಗಿ ಬೆಳೆಯುವ ಜಪಾನೀ ಪುದೀನವನ್ನು ನೆಡುವುದೂ ನೆಲದಡಿಯ ಕಾಂಡದ ತುಂಡುಗಳಿಂದಲೇ. ಸಿಟ್ಟಿನಿಂದ ಗುದ್ದಲಿಯಲ್ಲಿ ಕೊಚ್ಚಿದಾಗ ನಾವು ಮಾಡುವುದು ನಿರ್ಮೂಲನವಲ್ಲ, ನಾಟಿ. ನಾನು ಮೊದಲ ವರ್ಷ ಮಾಡಿದ್ದು ಅದನ್ನೇ!

ಮಳೆಗಾಲವೂ ನಮ್ಮನ್ನು ಮೋಸಗೊಳಿಸುತ್ತದೆ. ಎಲೆಗಳಿಗೆ ತುಕ್ಕುರೋಗ ತಗಲಿ ಉದುರಿಹೋದಾಗ ಪೀಡೆ ತೊಲಗಿತೆಂದು ಭಾವಿಸುತ್ತೇವೆ. ನೆಲದಡಿಯ ಕಾಂಡ ಜೀವಂತವಾಗಿಯೇ ಇರುತ್ತದೆ.

ಮಳೆ ನಿಂತು ಮಣ್ಣು ಇನ್ನೂ ಮೆದುವಾಗಿರುವ ನವೆಂಬರ್ ತಿಂಗಳು ಕೀಳಲು ಯೋಗ್ಯ ಕಾಲ. ಮೊದಲು ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿ. ಬಳಿಕ ಹಲ್ಲುಗಳುಳ್ಳ ಸಲಕರಣೆಯಿಂದ ಒಂದು ಗೇಣಿನಷ್ಟು ಆಳಕ್ಕೆ ಮಣ್ಣನ್ನು ಸಡಿಲಿಸಿ, ಕಾಂಡವನ್ನು ಕಡಿಯದೆ ಅದು ಹೋದ ದಾರಿಯನ್ನೇ ಅನುಸರಿಸಿ ಕೈಯಿಂದ ಬಿಡಿಸಿ ತೆಗೆಯಬೇಕು. ಬಹುಪಾಲು ಕಾಂಡ ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿಯೇ ಸಿಗುತ್ತದೆ. ಗಿಡ ಕಾಣುವಲ್ಲಿಗೆ ನಿಲ್ಲಿಸದೆ ಸುತ್ತಲೂ ಒಂದು ಮೊಳ ಹೆಚ್ಚು ಅಗೆಯಿರಿ. ಕಿತ್ತದ್ದನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬಾರದು. ಬಂಡೆಯ ಮೇಲೆ ಹರಡಿ, ಮುರಿದರೆ ಚಟಕ್ಕೆನ್ನುವವರೆಗೆ ಒಣಗಿಸಿ ಬಚ್ಚಲ ಒಲೆಗೆ ಹಾಕಿ. ಖಾಲಿಯಾದ ನೆಲಕ್ಕೆ ದಪ್ಪ ರಟ್ಟನ್ನು ಹಾಸಿ ಮೇಲೆ ಅಡಿಕೆ ಸಿಪ್ಪೆಯನ್ನೋ ತರಗೆಲೆಯನ್ನೋ ಹೊದಿಸಿ. ಅಂಚಿನಿಂದ ಇಣುಕುವ ಚಿಗುರುಗಳನ್ನು ವಾರಕ್ಕೊಮ್ಮೆ ಕಿತ್ತರೆ, ಎಲೆಯಿಲ್ಲದೆ ಆಹಾರ ತಯಾರಿಸಲಾಗದ ಕಾಂಡ ತನ್ನಲ್ಲಿ ಕೂಡಿಟ್ಟದ್ದನ್ನು ಕಳೆದುಕೊಂಡು ಸೊರಗುತ್ತದೆ. ನನಗೆ ಇದಕ್ಕೆ ಎರಡು ಬೇಸಿಗೆ ಬೇಕಾಯಿತು.

ಇಷ್ಟು ಕಷ್ಟವೇಕೆ, ಒಂದು ಬಾರಿ ಗ್ಲೈಫೋಸೇಟ್ ಹೊಡೆದರಾಯಿತಲ್ಲ ಎಂದು ಹಿತೈಷಿಗಳೊಬ್ಬರು ಹೇಳಿದರು. ನಮ್ಮ ಕುಡಿಯುವ ನೀರಿನ ಬಾವಿ ಆ ಮಡಿಯಿಂದ ಹತ್ತು ಮಾರು ದೂರದಲ್ಲಿ, ಇಳಿಜಾರಿನ ಕೆಳಗಿದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ರಾಸಾಯನಿಕ ಕ್ಯಾನ್ಸರ್‌ಕಾರಕವಾಗಿರುವ ಸಂಭವವಿದೆಯೆಂದು ವರ್ಗೀಕರಿಸಿತು. ಅಮೆರಿಕ, ಯುರೋಪುಗಳ ನಿಯಂತ್ರಣ ಸಂಸ್ಥೆಗಳು ಆ ತೀರ್ಮಾನವನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. 2022ರ ಅಕ್ಟೋಬರ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ ಇದನ್ನು ಕೀಟನಿಯಂತ್ರಕ ವೃತ್ತಿಯವರ ಮೂಲಕ ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ವಾದವೇನೇ ಇರಲಿ, ಚಟ್ನಿಗೆ ಸೊಪ್ಪು ಕೊಯ್ಯುವ ಜಾಗಕ್ಕೆ ಕಳೆನಾಶಕ ಹೊಡೆಯುವುದು ನನಗೆ ಸಮ್ಮತವಲ್ಲ.

ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಬೇಕು. ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ಅಂಗಳದ ಅಂದಕ್ಕೆಂದು ನೆಡುತ್ತಾರೆ. ಉಷ್ಣವಲಯದ ಅಮೆರಿಕದಿಂದ ಬಂದ ಇದು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಇದೂ ಗೆಣ್ಣಿನಲ್ಲಿ ಬೇರೂರುವ ಜಾತಿಯೇ. ಕತ್ತರಿಸಿದ ಬಳ್ಳಿಯನ್ನು ಹಳ್ಳಕ್ಕೆ ಎಸೆದರೆ ನೀರು ಅದನ್ನು ಕೆಳಗಿನ ಊರಿನ ತೋಟದ ಬಸಿಗಾಲುವೆಗೆ ಮುಟ್ಟಿಸುತ್ತದೆ. ನಿಮ್ಮೂರಿನ ಹಳ್ಳದ ದಂಡೆಯಲ್ಲಿ ಒಮ್ಮೆ ನಡೆದು, ಅದು ಎಲ್ಲಿಂದ ಇಳಿದು ಬಂದಿದೆಯೆಂದು ಹುಡುಕಿ ನೋಡಿ.

ಈಗ ನಮ್ಮಲ್ಲಿ ಪುದೀನ ಒಂದು ಹಳೆಯ ಬಕೆಟ್ಟಿನಲ್ಲಿದೆ. ಬಕೆಟ್ಟನ್ನು ಕಲ್ಲುಚಪ್ಪಡಿಯ ಮೇಲಿಟ್ಟಿದ್ದೇನೆ. ಮಣ್ಣಿನ ಮೇಲಿಟ್ಟರೆ ತಳದ ತೂತಿನಿಂದಲೂ ಇಳಿದೀತು. ಒಂದೆಲಗವನ್ನು ಅಮ್ಮ ತವರಿನಿಂದ ತರಿಸಿ ಹಳೆಯ ಮಡಿಯಲ್ಲಿಯೇ ನೆಟ್ಟರು. ಈ ವರ್ಷ ಚೆನ್ನಾಗಿ ಹಬ್ಬಿದೆ. ಸಸಿ ಬೇಕಾದವರು ಮನೆಗೆ ಬಂದು ಒಯ್ಯಬಹುದು. ಪುದೀನ ಬೇಕಾದವರು ಮಾತ್ರ ದಯವಿಟ್ಟು ಕುಂಡವನ್ನು ಜೊತೆಗೇ ತನ್ನಿ.