ಸಹಿ ಹಾಕುವ ಮುನ್ನ ಕೇಳುವ ಹಕ್ಕು

(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಗು ಜ್ವರದಿಂದ ನರಳುತ್ತಿರುವಾಗ ಆಸ್ಪತ್ರೆಯಲ್ಲಿ ಮುಂದಿಡುವ ಕಾಗದವನ್ನು ನಮ್ಮಲ್ಲಿ ಹೆಚ್ಚಿನವರು ಓದುವುದಿಲ್ಲ. ವೈದ್ಯರ ಮೇಲಿನ ಭರವಸೆಯಿಂದ ಸಹಿ ಹಾಕುತ್ತೇವೆ. ಆದರೆ ಆ ಕಾಗದವು ಚಿಕಿತ್ಸೆಯದ್ದೋ ಸಂಶೋಧನೆಯದ್ದೋ ಎಂಬುದನ್ನು ತಿಳಿಯಲೇಬೇಕು. ಚಿಕಿತ್ಸೆಯ ಗುರಿ ಎದುರಿಗಿರುವ ಮಗು. ಸಂಶೋಧನೆಯ ಗುರಿ ನಾಳೆ ಅದೇ ರೋಗಕ್ಕೆ ತುತ್ತಾಗಬಹುದಾದ ಮಕ್ಕಳೆಲ್ಲರೂ. ಎರಡೂ ಒಳ್ಳೆಯದೇ, ಒಂದರ ಹೆಸರಿನಲ್ಲಿ ಇನ್ನೊಂದನ್ನು ನಡೆಸುವುದು ಮಾತ್ರ ಅನ್ಯಾಯ.

1996ರಲ್ಲಿ ನೈಜೀರಿಯಾದಲ್ಲಿ ಮೆನಿಂಜೈಟಿಸ್, ಅಂದರೆ ಮೆದುಳುಪೊರೆಯ ಸೋಂಕು, ಸಾವಿರಾರು ಮಂದಿಯನ್ನು ಬಲಿ ತೆಗೆದುಕೊಂಡಿತು. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಕಾನೋ ನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ 'ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆಯು ಪರೀಕ್ಷಿತ ಔಷಧವನ್ನು ಉಚಿತವಾಗಿ ನೀಡುತ್ತಿತ್ತು. ಅದೇ ಆವರಣದಲ್ಲಿ ಫೈಜರ್ ಕಂಪೆನಿಯು 'ಟ್ರೋವಾನ್' ಎಂಬ ಹೊಸ ಔಷಧದ ಪ್ರಯೋಗ ನಡೆಸಿತು. 200 ಮಕ್ಕಳ ಪೈಕಿ 100 ಮಕ್ಕಳಿಗೆ ಟ್ರೋವಾನ್, ಉಳಿದ 100 ಮಕ್ಕಳಿಗೆ ಬಳಕೆಯಲ್ಲಿದ್ದ ಸೆಫ್ಟ್ರಿಯಾಕ್ಸೋನ್. ಮೊದಲ ಗುಂಪಿನಲ್ಲಿ 5, ಎರಡನೆಯ ಗುಂಪಿನಲ್ಲಿ 6 ಮಕ್ಕಳು ಮೃತಪಟ್ಟರು. ಇನ್ನು ಕೆಲವರು ಅಂಗವಿಕಲರಾದರೆಂದು ಕುಟುಂಬಗಳು ದೂರಿದವು.

ಈ ಅಂಕಿಗಳಷ್ಟರಿಂದಲೇ ಔಷಧವು ಕೊಂದಿತೆಂದು ಹೇಳಲಾಗದು. ಆ ರೋಗವೇ ಮಾರಕ. ಇಲ್ಲಿನ ಪ್ರಶ್ನೆ ಬೇರೆ. ಇದು ಪ್ರಯೋಗವೆಂದು, ಬೇಡವೆಂದರೆ ಪಕ್ಕದಲ್ಲೇ ಬೇರೆ ಔಷಧವಿದೆಯೆಂದು ಆ ತಾಯಂದಿರಿಗೆ ಯಾರಾದರೂ ಹೇಳಿದ್ದರೇ? ಹೇಳಲಿಲ್ಲವೆಂದು ಕುಟುಂಬಗಳು, ಬಾಯಿಮಾತಿನ ಒಪ್ಪಿಗೆ ಪಡೆದಿದ್ದೆವೆಂದು ಕಂಪೆನಿ. 2000ದಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ಪ್ರಕರಣವನ್ನು ಬಯಲಿಗೆಳೆಯಿತು. ನೈತಿಕ ಸಮಿತಿಯ ಅನುಮತಿ ಪತ್ರವನ್ನು ಆಮೇಲೆ ತಯಾರಿಸಿ ಹಿಂದಿನ ದಿನಾಂಕ ಹಾಕಲಾಗಿತ್ತೆಂಬ ವರದಿಯೂ ಬಂತು. ತಪ್ಪನ್ನು ಒಪ್ಪಿಕೊಳ್ಳದೆಯೇ ಕಂಪೆನಿಯು 2009ರಲ್ಲಿ ಕಾನೋ ರಾಜ್ಯದೊಂದಿಗೆ 7.5 ಕೋಟಿ ಡಾಲರ್‌ಗಳ ರಾಜಿ ಮಾಡಿಕೊಂಡಿತು. ಮೊದಲ ಕುಟುಂಬಗಳಿಗೆ ಹಣ ತಲುಪಿದ್ದು 2011ರಲ್ಲಿ, ಹದಿನೈದು ವರ್ಷಗಳ ಬಳಿಕ.

ನಿಜವಾದ ನಷ್ಟವು ಇದಕ್ಕಿಂತ ದೊಡ್ಡದು. 2003ರಲ್ಲಿ ಕಾನೋ ಪೋಲಿಯೋ ಲಸಿಕೆಯನ್ನೇ ನಿಲ್ಲಿಸಿತು. ಅದಕ್ಕೆ ವದಂತಿಗಳು, ರಾಜಕೀಯ ಮುಂತಾದ ಕಾರಣಗಳಿದ್ದವು. ಟ್ರೋವಾನ್‌ನ ಕಹಿ ನೆನಪೂ ಅದರಲ್ಲೊಂದು. 2004ರಲ್ಲಿ ಲಸಿಕೆ ಮರಳಿ ಆರಂಭವಾಗುವಷ್ಟರಲ್ಲಿ ರೋಗವು ಪೋಲಿಯೋಮುಕ್ತವಾಗಿದ್ದ ನೆರೆಯ ದೇಶಗಳಿಗೂ ಹಬ್ಬಿತ್ತು. ಔಷಧ ಕಂಪೆನಿಯ ಮೇಲಿನ ಸಿಟ್ಟಿಗೆ ಬೆಲೆ ತೆತ್ತದ್ದು ಮಕ್ಕಳ ಕಾಲುಗಳು. ಆಫ್ರಿಕಾ ಖಂಡವು ವನ್ಯ ಪೋಲಿಯೋ ವೈರಾಣುವಿನಿಂದ ಮುಕ್ತವೆಂದು ಘೋಷಣೆಯಾದುದು 2020ರಲ್ಲಿ.

ನಮ್ಮ ದೇಶದಲ್ಲೂ ಇಂಥ ಎಡವಟ್ಟು ನಡೆದಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಹಾಗೂ ಗುಜರಾತಿನ ವಡೋದರಾಗಳಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಏಳು ಹುಡುಗಿಯರ ಸಾವಿನ ಸುದ್ದಿಯ ಬಳಿಕ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣದೆಂದು ತನಿಖೆ ಹೇಳಿತು. ಆದರೆ ಅನೇಕ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿಯು ಇದನ್ನು ಕಟುವಾಗಿ ಟೀಕಿಸಿತು.

ಹಾಗಾದರೆ ಸಂಶೋಧನೆಯೇ ಬೇಡವೇ? ಹಾಗೆನ್ನುವುದು ಅವಿವೇಕ. ಮಕ್ಕಳನ್ನು ಭೇದಿಯಿಂದ ಕಾಪಾಡುವ ದೇಶೀಯ ರೋಟಾವ್ಯಾಕ್ ಲಸಿಕೆಯನ್ನು ದಿಲ್ಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ಪರೀಕ್ಷಿಸಲಾಯಿತು. ಅವರ ಹೆತ್ತವರು ಒಪ್ಪದಿರುತ್ತಿದ್ದರೆ ಇಂದು ನಮ್ಮ ಮಕ್ಕಳಿಗೆ ಆ ಹನಿಗಳು ಸಿಗುತ್ತಿರಲಿಲ್ಲ. ಎಲ್ಲರೂ ಇತರರ ಮಕ್ಕಳೇ ಮುಂದೆ ಬರಲಿ ಎಂದು ಕಾದು ಕುಳಿತರೆ ಯಾವ ಮಗುವಿಗೂ ಔಷಧವಿರದು.

ಮಕ್ಕಳು ನಮ್ಮ ಸೊತ್ತಲ್ಲ, ನಮ್ಮ ಕೈಯಲ್ಲಿರುವ ಅಮಾನತ್ತು. ಇನ್ನೊಬ್ಬರ ದೇಹದ ಕುರಿತು ಒಪ್ಪಿಗೆ ಕೊಡುವವನು ಸ್ವಂತ ವಿಷಯಕ್ಕಿಂತ ಹೆಚ್ಚು ವಿಚಾರಿಸಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ನಮಗೆ ಆ ಹಕ್ಕನ್ನು ಕೊಟ್ಟಿವೆ. ವಿವರಗಳು ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದುಬರಹ ಬಾರದ ಹೆತ್ತವರ ಜೊತೆ ನಿಷ್ಪಕ್ಷ ಸಾಕ್ಷಿಯಿರಬೇಕು. ವಿಷಯ ಅರ್ಥವಾಗುವ ವಯಸ್ಸಿನ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಯಾವ ಹಂತದಲ್ಲೂ ಹಿಂದೆ ಸರಿಯಬಹುದು. ಅದಕ್ಕಾಗಿ ಮಗುವಿನ ಚಿಕಿತ್ಸೆಯನ್ನು ಕಡಿತಗೊಳಿಸುವಂತಿಲ್ಲ.

ಆದುದರಿಂದ ಹೆತ್ತವರೇ, ಕೇಳಿರಿ: ಇದು ಚಿಕಿತ್ಸೆಯೋ ಸಂಶೋಧನೆಯೋ? ಒಪ್ಪದಿದ್ದರೆ ಬೇರೆ ಯಾವ ಚಿಕಿತ್ಸೆಯಿದೆ? ಅಪಾಯವೇನು? ನೈತಿಕ ಸಮಿತಿಯ ದೂರವಾಣಿ ಸಂಖ್ಯೆ ಯಾವುದು? ಒಪ್ಪಿಗೆ ಪತ್ರದ ಪ್ರತಿಯನ್ನು ಮನೆಗೆ ಒಯ್ಯಿರಿ, ಕಲಿತ ಮಗಳಿಂದಲೋ ಮಗನಿಂದಲೋ ಓದಿಸಿರಿ. ಪ್ರಾಮಾಣಿಕ ವೈದ್ಯರು ಈ ಪ್ರಶ್ನೆಗಳಿಂದ ಬೇಸರಿಸಲಾರರು. ಉತ್ತರ ತೃಪ್ತಿ ತಂದರೆ ಧೈರ್ಯದಿಂದ ಒಪ್ಪಿರಿ, ತಾರದಿದ್ದರೆ ಅಂಜದೆ ನಿರಾಕರಿಸಿರಿ. ಕಾನೋದ ತಾಯಂದಿರಿಗೆ ದಕ್ಕದೆ ಹೋದುದು ಈ ಆಯ್ಕೆಯೇ ಎಂಬುದನ್ನು ಮರೆಯದಿರೋಣ.