ಅಟ್ಟದಿಂದ ಇಳಿಯುವ ಕಸ
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಗಳಲ್ಲಿ ಅಟ್ಟವು ಮಳೆಗಾಲದ ಭದ್ರತೆಯಾಗಿತ್ತು. ಹಳ್ಳ ಉಕ್ಕಿ ಸಂಕ ಕೊಚ್ಚಿಹೋದರೆ ಪೇಟೆಯ ಸಂಪರ್ಕವೇ ತಪ್ಪುತ್ತಿದ್ದ ಕಾಲದಲ್ಲಿ ಅಕ್ಕಿ, ಉಪ್ಪು, ಹಪ್ಪಳ, ವಾಟೆಹುಳಿಗಳನ್ನು ಕೂಡಿಡುವುದು ವಿವೇಕವೆನಿಸಿತ್ತು. ‘ಇಂದಲ್ಲ ನಾಳೆ ಬೇಕಾದೀತು’ ಎಂಬ ಮಾತಿನ ಹಿಂದೆ ಈ ಅನುಭವವಿದೆ. ಹಿರಿಯರು ಹಳೆಯ ವಸ್ತುವನ್ನು ಬಿಡಲೊಪ್ಪದಿದ್ದರೆ ಅದನ್ನು ಜಿಪುಣತನವೆಂದು ಹಳಿಯುವುದು ಸಲ್ಲದು.

ಕೂಡಿಡುವ ಸ್ವಭಾವ ಹಾಗೆಯೇ ಉಳಿದಿದೆ. ಕೂಡಿಡುವ ವಸ್ತುಗಳು ಬದಲಾಗಿವೆ. ಹಿಂದೆ ಬೆತ್ತದ ಬುಟ್ಟಿ, ಗೊರಬು, ಅಡಿಕೆಹಾಳೆಯ ಟೊಪ್ಪಿಗಳು ಹಾಳಾದರೆ ಗೊಬ್ಬರಗುಂಡಿ ಸೇರಿ ಮಣ್ಣಾಗುತ್ತಿದ್ದವು. ಕಬ್ಬಿಣವು ಕುಲುಮೆಗೆ ಮರಳುತ್ತಿತ್ತು. ಇಂದು ಆ ಜಾಗದಲ್ಲಿ ಒಡೆದ ಪ್ಲಾಸ್ಟಿಕ್ ಕೊಡ, ಹರಿದ ಟಾರ್ಪಾಲು, ಕೆಟ್ಟ ಮೊಬೈಲು, ಟ್ಯೂಬ್‌ಲೈಟು, ಹಳೆಯ ಬ್ಯಾಟರಿ, ಅರ್ಧ ಉಳಿದ ಕೀಟನಾಶಕದ ಡಬ್ಬಿಗಳಿವೆ.

ಇವುಗಳ ನಿಜವಾದ ಅಪಾಯ ತೋರುವುದು ಮನೆ ಚೊಕ್ಕಟಗೊಳಿಸುವ ದಿನ. ಹಬ್ಬಕ್ಕೋ ಮದುವೆಗೋ ಅಟ್ಟವನ್ನು ಬರಿದು ಮಾಡಿ ಹಳ್ಳದ ಅಂಚಿಗೆ ಸುರಿದರೆ, ಮುಂದಿನ ಮುಂಗಾರು ಅದನ್ನು ಕೆಳಗಿನ ಊರಿನ ಗದ್ದೆಗೆ ತಲುಪಿಸುತ್ತದೆ. ಈ ಹಳ್ಳಗಳೇ ಮುಂದೆ ತುಂಗೆ, ಭದ್ರೆ, ಶರಾವತಿಗಳನ್ನು ಸೇರುತ್ತವೆ.

ಬಚ್ಚಲೊಲೆಗೆ ತುರುಕುವ ರೂಢಿ ಇನ್ನೂ ಕೆಟ್ಟದ್ದು. ಪಿವಿಸಿ ಪೈಪು, ವಯರುಗಳು ಉರಿದಾಗ ಡಯಾಕ್ಸಿನ್ ಎಂಬ ಘೋರ ವಿಷ ಉಂಟಾಗುತ್ತದೆ. ಸೀಸದಂತಹ ಲೋಹಗಳು ಬೂದಿಯಲ್ಲಿ ಉಳಿಯುತ್ತವೆ. ಹಳ್ಳಿಯ ಮನೆಯಲ್ಲಿ ಬೂದಿಯನ್ನು ವ್ಯರ್ಥಮಾಡುವುದಿಲ್ಲ. ಅದರಿಂದ ಪಾತ್ರೆ ತಿಕ್ಕುತ್ತಾರೆ, ಹಿತ್ತಲ ಬಸಳೆಯ ಬುಡಕ್ಕೆ ಹಾಕುತ್ತಾರೆ. ಹೀಗೆ ಅಟ್ಟದಿಂದ ಇಳಿದ ವಿಷ ಅಡುಗೆಮನೆಗೇ ಹಿಂದಿರುಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಅಟ್ಟದ ವಸ್ತುಗಳನ್ನು ಮೊದಲು ಅಂಗಳದಲ್ಲಿ ನಾಲ್ಕು ಪಾಲು ಮಾಡಬೇಕು.

ಮೊದಲನೆಯದು, ಬಳಕೆಗೆ ಬರುವವು. ವರ್ಷವಿಡೀ ಕೈಗೆತ್ತಿಕೊಳ್ಳದ ಪಾತ್ರೆ-ಸಾಮಾನುಗಳು ಅಗತ್ಯವಿರುವ ಮನೆ ಸೇರಲಿ. ತಾಳೆಗರಿ, ಕಡತ, ಜಮೀನಿನ ಪತ್ರಗಳನ್ನು ಮಾತ್ರ ಅವಸರದಲ್ಲಿ ಹೊರಹಾಕಬಾರದು.

ಎರಡನೆಯದು, ಕೊಳೆಯುವವು. ಇವುಗಳಿಗೆ ಗೊಬ್ಬರಗುಂಡಿಯೇ ನೆಲೆ.

ಮೂರನೆಯದು, ಪ್ಲಾಸ್ಟಿಕ್, ಗಾಜು, ಲೋಹ. ತೊಳೆದು ಒಣಗಿಸಿ ಗ್ರಾಮ ಪಂಚಾಯಿತಿಯ ಒಣಕಸ ಸಂಗ್ರಹಕ್ಕೋ ಗುಜರಿಗೋ ಕೊಡಬೇಕು.

ನಾಲ್ಕನೆಯದು, ವಿಷವಸ್ತುಗಳು. ಟ್ಯೂಬ್‌ಲೈಟಿನಲ್ಲಿ ಪಾದರಸವಿರುವುದರಿಂದ ಅದನ್ನು ಒಡೆಯಬಾರದು. ಇನ್ವರ್ಟರ್ ಬ್ಯಾಟರಿಯನ್ನು ಮಾರಿದ ಅಂಗಡಿಗೇ ಹಿಂದಿರುಗಿಸಬೇಕು. ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ನಿಯಮ 2001ರಲ್ಲೇ ಬಂದಿದೆ. ಖಾಲಿಯಾದ ಕೀಟನಾಶಕದ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಬೆರೆಸಿ, ಮರುಬಳಕೆಯಾಗದಂತೆ ಡಬ್ಬಿಗೆ ತೂತು ಮಾಡಬೇಕು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿದ ಎಂಡೋಸಲ್ಫಾನ್‌ನಂತಹ ಹಳೆಯ ವಿಷ ಉಳಿದಿದ್ದರೆ ಚೆಲ್ಲದೆ, ಬೇರೆ ಸೀಸೆಗೆ ಸುರಿಯದೆ, ಬೀಗದೊಳಗಿಟ್ಟು ಕೃಷಿ ಇಲಾಖೆಗೆ ತಿಳಿಸಬೇಕು.

ಅಟ್ಟವನ್ನು ಬರಿದು ಮಾಡುವುದಕ್ಕಿಂತ ಅಲ್ಲಿಗೆ ಏರುವುದನ್ನು ಹೊಸ್ತಿಲಲ್ಲೇ ತಡೆಯುವುದು ಸುಲಭ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಆದರೆ ಪೇಟೆಗೆ ಹೊರಟವರ ಕೈಯಲ್ಲಿ ಬಟ್ಟೆಚೀಲವಿಲ್ಲದಿದ್ದರೆ ಕಾನೂನೊಂದರಿಂದಲೇ ಫಲ ದೊರೆಯದು.

ವಿದ್ಯಾರ್ಥಿಗಳು ಮಳೆಗಾಲಕ್ಕೆ ಮುನ್ನ ತಮ್ಮ ಮನೆಯ ಅಟ್ಟದಲ್ಲಿರುವ ವಿಷವಸ್ತುಗಳ ಪಟ್ಟಿ ತಯಾರಿಸಲಿ. ಹಿರಿಯರು ಆ ಪಟ್ಟಿಗಳನ್ನು ಗ್ರಾಮಸಭೆಯ ಮುಂದಿಟ್ಟು, ಅವುಗಳ ಸಂಗ್ರಹಕ್ಕೆ ವರ್ಷಕ್ಕೊಂದು ದಿನವನ್ನು ಗೊತ್ತುಪಡಿಸುವಂತೆ ಕೇಳಲಿ. ಊರಿನ ಹಳ್ಳವನ್ನು ಉಳಿಸುವ ಕೆಲಸ ಅಲ್ಲಿಂದ ಆರಂಭವಾಗಲಿ.